ನಾವು ಲಾರಿಗೆ ಶೀತ ಬರಿಸಲು ಹೊರಟದ್ದು

ಮುಂಬಯಿಯಲ್ಲಿ ಚಳಿಯೇ ಇಲ್ಲ ಎಂದು ಊರಿನವರು ಹೇಳುವುದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಅವರೆಲ್ಲ ಫೋರ್ಟು, ಮಾಟುಂಗ ನೋಡಿ ವಾಪಸು ಹೋದವರು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ದಹಿಸರ್ ಇನ್ನೂ ಅರ್ಧ ಹಳ್ಳಿ. ಹಿಂದೆ ಗುಡ್ಡ, ಪಕ್ಕದಲ್ಲಿ ಹೊಳೆ, ಸುತ್ತ ಗದ್ದೆ. ಡಿಸೆಂಬರ್ ಬಂತೆಂದರೆ ಬೆಳಗಿನ ಹೊತ್ತು ಮಂಜು ಕವಿದು, ಒಂದೊಂದೇ ಕೋಣೆಯ ಮನೆಗಳು ಸಾಲಾಗಿದ್ದ ನಮ್ಮ ಚಾಳಿನ ಅಂಗಳದ ನಲ್ಲಿ ಕಾಣುತ್ತಿರಲಿಲ್ಲ. ತೆಂಗಿನೆಣ್ಣೆ ಸೀಸೆಯೊಳಗೇ ಗಟ್ಟಿಯಾಗಿ ಕೂತಿರುತ್ತಿತ್ತು. ಅಂಗಳದ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದ ಜಲ್ಲಿ ಸಾಗಿಸುವ ಲಾರಿ ಸ್ಟಾರ್ಟ್ ಆಗುತ್ತಿರಲಿಲ್ಲ.

ಆಗುತ್ತಲೇ ಇರಲಿಲ್ಲ ಎಂದರೆ ಸುಳ್ಳಾದೀತು. ಆಗುತ್ತಿತ್ತು, ಊರಿಗೆಲ್ಲ ಡಂಗುರ ಸಾರಿ ಆಗುತ್ತಿತ್ತು. ಮೊದಲು ಡ್ರೈವರ್ ಗುಂಡಿ ಒತ್ತಿ ಸೆಲ್ಫ್ ಹೊಡೆಯುವನು. ರೂಂ... ರೂಂ... ರೂಂ... ಎಂದು, ವಯಸ್ಸಾದವರು ಹಾಸಿಗೆಯಿಂದ ಏಳುವಾಗಿನ ನರಳಾಟ. ಅದು ಅಲ್ಲಿಗೇ ನಿಲ್ಲುವುದು. ಆಮೇಲೆ ಅವನು ಒಂದು ಕೋಲಿಗೆ ಚಿಂದಿ ಸುತ್ತಿ, ಸೀಮೆಎಣ್ಣೆಗೆ ಅದ್ದಿ ಹೊತ್ತಿಸಿ, ಚಾಳಿನಲ್ಲಿ ಯಾರು ಮೊದಲು ಎದ್ದಿದ್ದಾರೋ ಅವರ ಕೈಗೆ ಕೊಟ್ಟು, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಹಿಡಿಯಲು ಹೇಳಿ, ಮತ್ತೆ ಸೀಟು ಹತ್ತುವನು. ಪುನಃ ರೂಂ ರೂಂ. ನಡುವೆ ಎಲ್ಲೋ ಒಂದು ‘ಢಕ್’. ನಾವೆಲ್ಲ ಒಳಗೆ ಉಸಿರು ಬಿಗಿಹಿಡಿಯುವೆವು. ಇನ್ನೊಂದು ಢಕ್. ಒಂದು ಕೆಮ್ಮು, ಒಂದಿಷ್ಟು ಬಿಳಿ ಹೊಗೆ, ಮತ್ತೊಂದು ಕೆಮ್ಮು, ಕೊನೆಗೆ ಗಡಗಡ ಗಡಗಡ ಎಂದು ಹಿಡಿದುಕೊಳ್ಳುವುದು. ಹಿಡಿದುಕೊಂಡರೂ ಹೊರಡುವಂತಿಲ್ಲ, ಎಂಜಿನ್ ಬಿಸಿಯಾಗಬೇಕು. ಅಲ್ಲಿಯವರೆಗೆ ನಿಂತಲ್ಲೇ ನಡುಗುತ್ತ, ಆಗಾಗ ಒಂದು ಏಟು ತಪ್ಪಿಸುತ್ತ, ಏನೋ ನೆನಪಾದಂತೆ ಮತ್ತೆ ಜೋರಾಗುತ್ತ ಇರುವುದು. ಅಷ್ಟು ಹೊತ್ತೂ ನಮ್ಮ ಮನೆಯ ತಟ್ಟೆ, ಲೋಟ, ದೇವರ ಗಂಟೆ ಎಲ್ಲ ಅದರೊಂದಿಗೆ ನಡುಗುತ್ತಿದ್ದವು. ಅತ್ತೆಯ ಕಾಫಿ ಲೋಟ ದಿನಾ ಹಲಗೆಯ ಮೇಲೆ ಹೊರಟು ಅಂಚಿನವರೆಗೆ ಬರುವುದು, ಅತ್ತೆ ದಿನಾ ಅದನ್ನು ಹಿಂದಕ್ಕೆ ತಳ್ಳುವುದು.

ನಾನು ಮದುವೆಯಾಗಿ ಬರುವ ಕೆಲವು ವರ್ಷ ಮೊದಲು ಒಂದು ಡಿಸೆಂಬರಿನ ನಸುಕಿನಲ್ಲಿ ಭೂಕಂಪವಾಗಿ ಮುಂಬಯಿಗೆ ಮುಂಬಯಿಯೇ ಎದ್ದು ಬೀದಿಗೆ ಓಡಿ ಬಂದಿತ್ತಂತೆ. ನಮ್ಮ ಚಾಳಿನವರು ಮಾತ್ರ ‘ಇವತ್ತು ಬೇಗ ಸ್ಟಾರ್ಟ್ ಆಯ್ತಲ್ಲ’ ಎಂದು ಮಗ್ಗುಲು ಬದಲಿಸಿ ಮಲಗಿದರಂತೆ. ನನ್ನ ಗಂಡ ಇದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಹೆಮ್ಮೆ ಪಡಲು ಅದರಲ್ಲಿ ಏನಿದೆ ಎಂದು ನನಗೆ ಈವರೆಗೂ ಅರ್ಥವಾಗಿಲ್ಲ.

ಡ್ರೈವರ್ ಬಿಜಾಪುರದ ಕಡೆಯ ಮುಸಲ್ಮಾನ. ಚಾಳಿನ ಹಿಂದಿನ ಖೋಲಿಯಲ್ಲಿ ಒಬ್ಬನೇ ಇದ್ದ, ಹೆಂಡತಿ ಮಕ್ಕಳು ಊರಲ್ಲಿ. ನಮ್ಮ ಅತ್ತೆ ಉಡುಪಿಯ ಕಡೆಯವರು, ಮಡಿ ಹೆಂಗಸು. ಇಬ್ಬರ ಕನ್ನಡಕ್ಕೂ ಅಜಗಜಾಂತರ. ಆದರೂ ಚಳಿಗಾಲದಲ್ಲಿ ಇಬ್ಬರೂ ದಿನಾ ಮಾತಾಡುತ್ತಿದ್ದರು. ರೇಡಿಯೇಟರಿಗೆ ಹೊಯ್ಯಲು ಅವನಿಗೆ ಬಿಸಿನೀರು ಬೇಕಾಗುತ್ತಿತ್ತು, ಆ ಹೊತ್ತಿಗೆ ಬಿಸಿನೀರು ಇರುತ್ತಿದ್ದದ್ದು ಅತ್ತೆಯ ಹಂಡೆಯಲ್ಲಿ ಮಾತ್ರ.

“ಅದಕ್ಕೆ ಶೀತ ಆಗಿದೆ ಮಾರಾಯ” ಎಂದು ಅತ್ತೆ ಅವನ ಬಕೆಟ್ಟಿಗೆ ಮೇಲಿಂದ ನೀರು ಹೊಯ್ಯುತ್ತ ಹೇಳುವರು. “ಕಫ ಕಟ್ಟಿದ ಶಬ್ದ ನನಗೆ ಗೊತ್ತಾಗುದಿಲ್ವಾ?”

“ಶೀತ ಏನಿಲ್ರಿ ಅಮ್ಮಾರ. ಥಂಡಿಗೆ ಸ್ವಲ್ಪ ನಖರಾ ಮಾಡತೈತಿ, ಅಷ್ಟ.”

ಅತ್ತೆ ಕೇಳುವವರಲ್ಲ. ಒಂದು ದಿನ ಕಾಳುಮೆಣಸು, ಜೀರಿಗೆ, ಶುಂಠಿ ಹಾಕಿ ಚೊಂಬು ತುಂಬ ಕಷಾಯ ಕುದಿಸಿದರು. ಅರ್ಧ ಡ್ರೈವರನಿಗೆ, ಅರ್ಧ ಲಾರಿಗೆ. ಅವನು ತನ್ನ ಪಾಲನ್ನು ಕುಡಿದು, ಲಾರಿಯನ್ನು ಒಮ್ಮೆ ನೋಡಿ, “ಗಾಡೀದೂ ನಾನ ಕುಡಿತೇನ್ರಿ” ಎಂದು ಚೊಂಬು ಖಾಲಿ ಮಾಡಿದ. ಆವತ್ತು ಲಾರಿ ಬೇಗ ಸ್ಟಾರ್ಟ್ ಆಯಿತು. ಅತ್ತೆ ಅದನ್ನು ತಮ್ಮ ಕಷಾಯದ ಲೆಕ್ಕಕ್ಕೇ ಬರೆದುಕೊಂಡರು.

ಇನ್ನು ನನ್ನ ಕಥೆ. ಮಳೆಗಾಲದಲ್ಲಿ ತವರಿನಲ್ಲಿ ಹೆತ್ತು, ಮಗಳನ್ನು ಎತ್ತಿಕೊಂಡು ನಾನು ದಹಿಸರಿಗೆ ಬಂದದ್ದು ಚಳಿ ಶುರುವಾಗುವಾಗ. ಹೆತ್ತ ಕೂಸಿನ ಬಗ್ಗೆ ದೂರು ಹೇಳಬಾರದು. ಆದರೆ ಅದು ರಾತ್ರಿಯೆಂದರೆ ಅಳುವುದಕ್ಕೇ ಇರುವ ಹೊತ್ತು ಎಂದುಕೊಂಡಿತ್ತು. ಜೋಗುಳ, ಓಮಿನ ನೀರು, ದೃಷ್ಟಿ ತೆಗೆಯುವುದು, ಯಾವುದೂ ನಾಟಲಿಲ್ಲ. ನಾಟಿದ್ದು ಲಾರಿ ಮಾತ್ರ. ಬೆಳಗಿನ ಮೊದಲ ರೂಂ ಕೇಳಿದೊಡನೆ ಅವಳು ಅಳು ನಿಲ್ಲಿಸಿ ಕಣ್ಣು ಅಗಲಿಸುವಳು. ಢಕ್ ಎಂದಾಗ ಕೈಕಾಲು ಸಡಿಲ ಬಿಡುವಳು. ಗಡಗಡ ಹಿಡಿದುಕೊಂಡ ಮೇಲೆ ರೆಪ್ಪೆ ಇಳಿಯುವುದು. ಬಿಸಿಯಾಗಿ ಲಾರಿ ಹೊರಡುವಷ್ಟರಲ್ಲಿ ಗಾಢ ನಿದ್ದೆ. ಮತ್ತೆ ಏಳುತ್ತಿದ್ದದ್ದು ಮಧ್ಯಾಹ್ನವೇ.

ನನಗೆ ಅಷ್ಟೇ ಸಾಕಿತ್ತು. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಕಾಡಿ ಬೇಡಿ ಉದ್ದ ಮಾಡಿಕೊಂಡ ರಜೆ ಶಿವರಾತ್ರಿ ಕಳೆದ ಮೇಲೆ ಮುಗಿಯುವುದಿತ್ತು. ಅತ್ತೆ ಮೊದಲೇ ಖಂಡತುಂಡವಾಗಿ ಹೇಳಿಬಿಟ್ಟಿದ್ದರು: “ಬೆಳಿಗ್ಗೆ ಮಲಗಿ ಮಧ್ಯಾಹ್ನ ಏಳುವ ಮಗುವನ್ನು ನಾನು ನೋಡಿಕೊಳ್ತೇನೆ. ಮೂರು ಹೊತ್ತೂ ಅಳುವ ಮಗು ಈ ವಯಸ್ಸಿನಲ್ಲಿ ನನ್ನಿಂದಾಗ. ಹಾಗಾದರೆ ನೀನು ಕೆಲಸ ಬಿಡು, ಮಗುವನ್ನು ಕಟ್ಟಿಕೊಂಡು ಊರಿಗೆ ಹೋಗು. ಅದು ದೊಡ್ಡದಾದ ಮೇಲೆ ಬಾ.” ಅತ್ತೆಯ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿದ್ದು. ನನಗೆ ಊರು ಬೇಡವಾಗಿತ್ತು. ನನಗೆ ಟೈಪ್‌ರೈಟರ್ ಬೇಕಿತ್ತು, ಹೆಂಗಸರ ಡಬ್ಬದಲ್ಲಿ ಜಗಳವಾಡಿ ಹಿಡಿದ ಸೀಟು ಬೇಕಿತ್ತು, ಗಂಡನೂ ಬೇಕಿತ್ತು. ಇವೆಲ್ಲ ಒಂದು ಹಳೇ ಡೀಸೆಲ್ ಲಾರಿಯ ಕೆಮ್ಮಿನ ಮೇಲೆ ನಿಂತಿದ್ದವು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಆದರೆ ಚಳಿಯೊಂದಿಗೆ ಕೆಮ್ಮೂ ಹೋಗುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಶಿವರಾತ್ರಿಯ ಮರುದಿನ ಬೆಳಿಗ್ಗೆ ಡ್ರೈವರ್ ಸೆಲ್ಫ್ ಹೊಡೆದ. ಒಂದೇ ಏಟಿಗೆ ಲಾರಿ ಗುರ್ರೆಂದು ಹಿಡಿದು, ನಿಲ್ಲದೆ ಗೇಟು ದಾಟಿ ಹೋಯಿತು. ಮಗಳು ಕಣ್ಣು ಅಗಲಿಸಿ ಕಾದಳು. ಮುಂದಿನದ್ದು ಬರಲಿಲ್ಲ. ಮೋಸಹೋದವರ ಹಾಗೆ ಒಮ್ಮೆ ನನ್ನನ್ನು ನೋಡಿ ಬಾಯಿ ತೆರೆದಳು. ಆ ಬಾಯಿ ಸಂಜೆಯವರೆಗೆ ಮುಚ್ಚಲಿಲ್ಲ.

ಡ್ರೈವರ್ ವಾಪಸು ಬಂದಾಗ ನಾನೇ ಹೋಗಿ ಕೇಳಿದೆ: “ಭಾಯಿ, ಬೆಳಿಗ್ಗೆ ಸ್ವಲ್ಪ ಹೊತ್ತು ನಿಲ್ಲಿಸಿ ಬಿಸಿ ಮಾಡಬಾರದಾ? ಮೊದಲಿನ ಹಾಗೆ ಕೆಮ್ಮಿಸಿ?”

“ಅಕ್ಕಾರ, ಬ್ಯಾಸಿಗ್ಯಾಗ ಹೆಂಗ ಕೆಮ್ಮಸಬೇಕ್ರಿ ಅದನ್ನ? ಆರಾಮ ಇದ್ದವರಿಗೆ ಕೆಮ್ಮು ಅಂದ್ರ ಕೆಮ್ಮತಾರೇನು?” ಎಂದ. ಆಮೇಲೆ ದನಿ ತಗ್ಗಿಸಿ, “ಡೀಸೆಲ್ ತುಟ್ಟಿ ಆದಾಗಿಂದ ನಮ್ಮ ಸೇಠ ಹನಿ ಹನಿ ನೋಡಾಕತ್ಯಾನ್ರಿ” ಎಂದೂ ಸೇರಿಸಿದ.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. “ಶೀತ ಇಲ್ಲದಿದ್ದರೆ ಎಂತ? ಶೀತ ಬರಿಸಬೇಕು” ಎಂದರು.

ಈಗ ಯೋಚಿಸಿದರೆ, ಅಲ್ಲಿ ಒಬ್ಬರಿಗಾದರೂ ನಗು ಬರಬೇಕಿತ್ತು. ಬರಲಿಲ್ಲ. ಹಗಲೂ ಇರುಳೂ ಮಗಳ ಅಳು ಕೇಳಿ ಕೇಳಿ ಇಡೀ ಚಾಳಿಗೆ ತಲೆ ಕೆಟ್ಟಿತ್ತು. ಸಾಯಂಕಾಲ ಎಲ್ಲರೂ ಸೇರಿ ಲಾರಿಗೆ ಶೀತ ಬರಿಸಲು ಹೊರಟೆವು. ಬಾನೆಟ್ಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆವು. ಅವಕ್ಕೆ ಮಡಕೆಯ ನೀರು ಚಿಮುಕಿಸಿದೆವು. ಮಜ್ಜಿಗೆ ಬಹಳ ಥಂಡಿ, ರೇಡಿಯೇಟರಿಗೆ ಹೊಯ್ಯಬಹುದು ಎಂದು ಅತ್ತೆ ಸಲಹೆ ಕೊಟ್ಟರು. ಡ್ರೈವರ್ ಕೈ ಮುಗಿದ ಮೇಲೆ ಅದನ್ನು ಕೈಬಿಟ್ಟರು. ಎದುರು ಖೋಲಿಯ ಮರಾಠಿ ಮಾವಶಿ ಸ್ಟೇಶನ್ ಹತ್ತಿರದ ಮೀನು ಮಾರುವ ಹೆಂಗಸರಿಂದ ಒಂದು ಬುಟ್ಟಿ ಐಸು ತಂದರು. ಮೀನಿನ ಐಸು ಮನೆಯ ಹೊಸಿಲು ದಾಟಬಾರದು, ಲಾರಿಗೆ ಬೇಕಾದಷ್ಟು ಹಾಕಿ ಎಂದು ಅತ್ತೆ ಅಪ್ಪಣೆ ಕೊಟ್ಟು ಹಿಂದೆ ಸರಿದು ನಿಂತರು.

ಬೆಳಿಗ್ಗೆ ನೋಡಿದರೆ ದಹಿಸರಿನ ಬೆಕ್ಕುಗಳೆಲ್ಲ ಬಾನೆಟ್ಟಿನ ಮೇಲೆ. ಡ್ರೈವರ್ ಅವನ್ನು ಓಡಿಸಿ ಸೆಲ್ಫ್ ಹೊಡೆದ. ಲಾರಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಚಳಿಗಾಲದಲ್ಲಿ ನಾವು ಬಿಸಿನೀರು, ಬೆಂಕಿ, ಕಷಾಯ ಕೊಟ್ಟು ಸೇವೆ ಮಾಡಿದಾಗ ಏಳದಿದ್ದ ಲಾರಿ, ಐಸಿನಡಿ ಮಲಗಿ ಲಗುಬಗೆಯಿಂದ ಎದ್ದಿತ್ತು. ಅದರ ಸೊಕ್ಕು ನೋಡಿ ನನಗೆ ಟಯರಿಗೆ ಒದೆಯಬೇಕೆನಿಸಿತು. ಆವತ್ತು ಅದು ಜಲ್ಲಿ ಇಳಿಸಿದಲ್ಲೆಲ್ಲ ಮೀನಿನ ವಾಸನೆ ಹಬ್ಬಿ, ಸುದ್ದಿ ಮಾಲೀಕರಿಗೆ ಮುಟ್ಟಿತು. ಮಾಲೀಕರು ಬಂದು, ಗೋಣಿಚೀಲ ನೋಡಿ, ಇನ್ನು ಯಾರಾದರೂ ತಮ್ಮ ಗಾಡಿಯ ತಂಟೆಗೆ ಬಂದರೆ ಗಾಡಿಯನ್ನೂ ಡ್ರೈವರನನ್ನೂ ಬೇರೆ ಕಡೆ ಇಡುತ್ತೇನೆ ಎಂದು ಬೈದು ಹೋದರು.

ನನ್ನ ರಜೆ ಮುಗಿಯುವ ಭಾನುವಾರ ಬಂತು. ಮರುದಿನ ಆಫೀಸು ಅಥವಾ ಊರಿನ ಬಸ್ಸು, ಎರಡರಲ್ಲಿ ಒಂದು. ಅತ್ತೆ ಆಗಲೇ ನನ್ನ ಟ್ರಂಕು ಮಂಚದಡಿಯಿಂದ ಎಳೆದು ಧೂಳು ಒರೆಸಿಟ್ಟಿದ್ದರು.

ಲಾರಿ ಇಲ್ಲದಿದ್ದರೇನು, ಶಬ್ದ ಇದ್ದರೆ ಸಾಲದೇ ಎಂದವರು ಮಾವಶಿ. ಸರಿ, ಚಾಳಿನ ಉದ್ದ ಪಡಸಾಲೆಯಲ್ಲಿ ಮಗಳನ್ನು ಚಾಪೆಯ ಮೇಲೆ ಮಲಗಿಸಿ ಸುತ್ತ ಕೂತೆವು. ಮಾವಶಿ ಡಾಲ್ಡಾ ಡಬ್ಬಕ್ಕೆ ಜಲ್ಲಿ ತುಂಬಿಸಿ ಅಲ್ಲಾಡಿಸಿದರು. ಅತ್ತೆ ರುಬ್ಬುವ ಕಲ್ಲು ತಿರುಗಿಸಿದರು. ಕಲ್ಲನ್ನು ಖಾಲಿ ತಿರುಗಿಸಬಾರದಲ್ಲ, ಅದಕ್ಕೆ ಅಕ್ಕಿ ಹಾಕಿದರು. ಆ ವಾರವೆಲ್ಲ ನಾವು ತಿಂದದ್ದು ದೋಸೆಯೇ. ನಾನು ಬಾಯಲ್ಲೇ ರೂಂ ರೂಂ ಎಂದೆ. ಮಗಳಿಗೆ ಹುಟ್ಟಿದ ಮೇಲೆ ಇಷ್ಟು ಸೊಗಸಾದ ದಿನ ಬಂದಿರಲಿಲ್ಲ. ಕೈಕಾಲು ಬಡಿದು ಕೇಕೆ ಹಾಕಿದಳು. ನಿದ್ದೆಯ ಸುಳಿವೇ ಇಲ್ಲ.

ರಜೆಯಿದ್ದ ಡ್ರೈವರ್ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತ ಪರೀಕ್ಷೆ ನಡೆಸಿದ. ನನ್ನದನ್ನು ಕೇಳಿ, “ಅಕ್ಕಾರ, ಇದು ಸ್ಕೂಟರ್ ಆತ್ರಿ” ಎಂದ. ಹಲ್ಲಿಲ್ಲದ ಅತ್ತೆ ಪ್ರಯತ್ನಿಸಿದಾಗ, “ಅಮ್ಮಾರ, ನಿಮ್ಮ ರೇಡಿಯೇಟರ್ ಲೀಕ್ ಐತ್ರಿ” ಎಂದ. ಅತ್ತೆಗೆ ಹಾಗೆ ಹೇಳಿ ಬದುಕಿ ಉಳಿದವನು ಅವನೊಬ್ಬನೇ. ತನ್ನ ಗಾಡಿಯ ಶಬ್ದವನ್ನು ನಾವೆಲ್ಲ ಹಾಳು ಮಾಡುವುದನ್ನು ಸಹಿಸಲಾರದೆ ಕೊನೆಗೆ ಬೀಡಿ ಎಸೆದು, ಕೈ ತೊಳೆದು ಬಂದು, “ಕೊಡ್ರಿ ಇಲ್ಲೆ” ಎಂದ. ಮಗಳನ್ನು ಎತ್ತಿ ಎದೆಗೆ ಅವಚಿಕೊಂಡ. ಅತ್ತೆ ಸೆರಗು ಎಳೆದುಕೊಂಡು ರುಬ್ಬುವ ಕಲ್ಲಿನ ಆಚೆ ಸರಿದು ಕೂತರು.

ಅವನು ಹೊಟ್ಟೆಯ ಬುಡದಿಂದ ಎತ್ತಿದ ಆ ರೂಂ! ನರಳಿತು, ನಿಂತಿತು. ಪುನಃ ನರಳಿತು. ಢಕ್ ಎಂದಾಗ ಮಾವಶಿ ಬೆಚ್ಚಿ ಗೇಟಿನ ಕಡೆ ನೋಡಿದರು. ಕೆಮ್ಮು, ಹೊಗೆ ಬಿಡುವ ಫುಸ್ಸು, ತಪ್ಪುವ ಏಟು, ಎಲ್ಲವೂ ಇದ್ದವು. ಗಡಗಡ ಶುರುವಾಗಿ ಸ್ವಲ್ಪ ಹೊತ್ತಿಗೆ ಮಗಳ ತಲೆ ಅವನ ಹೆಗಲಿಗೆ ವಾಲಿತು.

“ನಿಮ್ಮ ಮಕ್ಕಳನ್ನೂ ಹೀಗೇ ಮಲಗಿಸ್ತೀರಾ ಭಾಯಿ?” ಎಂದು ಮೆಲ್ಲಗೆ ಕೇಳಿದೆ.

“ಇಲ್ರಿ ಅಕ್ಕಾರ. ನಮ್ಮ ಮಕ್ಕಳು ಈ ಆವಾಜ್ ಕೇಳಿದ್ರ ಅಳತಾವು. ಅಪ್ಪ ಹೊಂಟ ಅಂತ ಗೊತ್ತಾಗತೈತಿ” ಎಂದ. ಅವಳನ್ನು ನನ್ನ ಕೈಗೆ ಕೊಟ್ಟು, “ನಾನು ದಿನಾ ಬೆಳಿಗ್ಗೆ ಗಾಡಿ ತಗೊಂಡು ಹೋಗಾವ. ನಿಮ್ಮ ಮನ್ಯಾಗ ಯಾರರೆ ಕಲೀಬೇಕ್ರಿ. ಆವಾಜ್ ಕಿವ್ಯಾಗ ಹೋದ್ರ ಏನ್ ಫಾಯ್ದಾ ಇಲ್ಲ, ಎದಿಗೆ ಹತ್ತಬೇಕು. ದಪ್ಪ ದನಿ ಬೇಕು” ಎಂದ.

ದಪ್ಪ ದನಿ ನಮ್ಮ ಮನೆಯಲ್ಲಿ ಒಬ್ಬರಿಗೇ ಇದ್ದದ್ದು, ನನ್ನ ಗಂಡನಿಗೆ. ಇವರು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಅಲ್ಲಿಂದ ಒಂದು ಸಲ ಗಂಟಲು ಸರಿಮಾಡಿಕೊಂಡರೆ ಅಡಿಗೆಮನೆಯಲ್ಲಿ ಸೌಟು ನಿಲ್ಲುತ್ತಿತ್ತಂತೆ. ಬೆಳಿಗ್ಗೆ ತಡವಾಗಿ ಹೊರಡುವ ಪಾಳಿ ಬೇರೆ. ಎಲ್ಲವೂ ಹೊಂದಿಕೆಯಾಗುತ್ತಿತ್ತು. ಆದರೆ ಭಾನುವಾರದ ರಜೆಯಲ್ಲಿ ಬಾಗಿಲ ಬಳಿ ಕೂತಿದ್ದ ಇವರು, ಎಲ್ಲರೂ ತಮ್ಮನ್ನೇ ನೋಡುವುದು ಕಂಡು ಕೆಂಪಾಗಿ ಅಂಗಳದ ಕಡೆ ಮುಖ ತಿರುಗಿಸಿದರು.

ನಮ್ಮ ಮನೆಯಲ್ಲಿ ಗಂಡಸು ಹಿರಿಯರೆದುರು ತನ್ನ ಮಗುವನ್ನು ಎತ್ತಿಕೊಳ್ಳುವ ಕ್ರಮವಿರಲಿಲ್ಲ. ಅಣ್ಣನ ಮಗುವನ್ನು ಹೆಗಲ ಮೇಲೆ ಕೂರಿಸಿ ಕುಣಿಸಬಹುದು, ನೆರೆಮನೆಯದ್ದನ್ನು ಮುದ್ದಿಸಬಹುದು. ಸ್ವಂತದ್ದನ್ನು ತಾಯಿಯೆದುರು ಎತ್ತಿದರೆ ನಾಚಿಕೆಗೇಡು. ಒಂದೇ ಖೋಲಿಯ ಮನೆ, ಅತ್ತೆ ಇಲ್ಲದ ಹೊತ್ತು ಎಂಬುದೇ ಇಲ್ಲ. ಹಾಗಾಗಿ ನಾವು ಬಂದ ದಿನದಿಂದ ಇವರು ಮಗಳನ್ನು ಮುಟ್ಟಿದ್ದು ಹಾಸಿಗೆ ಸರಿಪಡಿಸುವ ನೆಪದಲ್ಲಿ ಮಾತ್ರ. ನಾನು ಅದನ್ನು ಇಷ್ಟು ದಿನ ನುಂಗಿಕೊಂಡಿದ್ದೆ. ಆವತ್ತು ನುಂಗಲಾಗಲಿಲ್ಲ.

“ಅತ್ತೆ, ನಾಳೆ ನಾನು ಎಲ್ಲಿಗೆ ಹೋಗಬೇಕು, ನೀವೇ ಹೇಳಿ” ಎಂದೆ.

ಅತ್ತೆ ರುಬ್ಬುವ ಕಲ್ಲಿನಿಂದ ಹಿಟ್ಟು ಬಳಿಯುತ್ತಲೇ ಇದ್ದರು. ಬಳಿದಾದ ಮೇಲೂ ಬಳಿದರು. ಕೊನೆಗೆ ಯಾರನ್ನೂ ನೋಡದೆ ತೀರ್ಪು ಕೊಟ್ಟರು: “ಅಪ್ಪ ಅಂತ ಎತ್ತುದು ಬೇಡ. ಲಾರಿ ಅಂತ ಎತ್ತಲಿ.”

ಹೀಗೆ ನನ್ನ ಗಂಡ ಲಾರಿಯಾದರು. ಸಂಜೆಯವರೆಗೆ ಡ್ರೈವರ್ ಪಾಠ ಹೇಳಿದ. “ಅಣ್ಣಾರ, ಅವಸರ ಮಾಡಬ್ಯಾಡ್ರಿ, ಇನ್ನೂ ಥಂಡಿ ಐತಿ”, “ಈಗ ಒಂದು ಏಟು ತಪ್ಪಸ್ರಿ”, “ಹಾಂ, ಈಗ ಹೊಗೆ ಬಿಡ್ರಿ.” ಇವರು ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರ ಹಾಗೆ ಕೈಕಟ್ಟಿ ನಿಂತು ಕಲಿತರು.

ಸೋಮವಾರ ಬೆಳಿಗ್ಗೆ ಅಂಗಳದ ಲಾರಿ ಗುರ್ರೆಂದು ಹೊರಟು ಹೋಯಿತು. ಮಗಳು ಬಾಯಿ ತೆರೆದಳು. ಅತ್ತೆ ಸೆರಗು ಹೊದ್ದು ಗೋಡೆಯ ಕಡೆ ತಿರುಗಿ ಕೂತು, ತಾನು ಏನನ್ನೂ ನೋಡುತ್ತಿಲ್ಲವೆಂದು ಸಾರಲು ಗಟ್ಟಿಯಾಗಿ ವಿಷ್ಣುಸಹಸ್ರನಾಮ ಹೇಳತೊಡಗಿದರು. ಇವರು ಮಗಳನ್ನು ಎತ್ತಿದರು. ಮೊದಲ ಸಲ ಸೆಲ್ಫ್ ಹೊಡೆದಾಗ ನಾಚಿಕೆಗೆ ದನಿಯೇ ಬರಲಿಲ್ಲ. ಎರಡನೆಯ ಸಲ ನಿಜವಾದ ಕೆಮ್ಮು ಬಂತು. ಮತ್ತೆ ಎಲ್ಲೋ ಒಂದು ಢಕ್ ಹುಟ್ಟಿತು, ಇನ್ನೊಂದು, ಆಮೇಲೆ ಗಡಗಡ ಹಿಡಿದುಕೊಂಡಿತು. ಎದುರು ಖೋಲಿಯಿಂದ ಮಾವಶಿ, “ಗಾಡೀ ಚಾಲೂ ಝಾಲೀ!” ಎಂದು ಕೂಗಿದರು. ಮಗಳು ಮಲಗಿದ ಮೇಲೂ ಇವರು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ಗಲ್ಲವನ್ನು ಅವಳ ನೆತ್ತಿಗೆ ಒತ್ತಿ, ಗಡಗಡ ಎನ್ನುತ್ತಲೇ ಇದ್ದರು. ನಾನು ಡಬ್ಬಿ ಕಟ್ಟಿಕೊಂಡು ಸ್ಟೇಶನ್ನಿಗೆ ಓಡಿದೆ. ಲೋಕಲಿನಲ್ಲಿ ಸೀಟು ಸಿಗಲಿಲ್ಲ. ಬಾಂದ್ರಾದವರೆಗೂ ನಾನು ನಿಂತುಕೊಂಡೇ ಅಳುತ್ತಿದ್ದೆ. ಪಕ್ಕದವಳು ಯಾರೋ ಸತ್ತಿರಬೇಕೆಂದು ನನಗೆ ಒಂದು ಪೇರಳೆ ಕೊಟ್ಟಳು.

ಸಂಜೆ ಬಂದಾಗ ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಟ್ರಂಕು ಮಂಚದಡಿಗೆ ವಾಪಸು ಹೋಗಿತ್ತು. “ಮಧ್ಯಾಹ್ನದವರೆಗೆ ಮಲಗಿತ್ತು” ಎಂದರು. ನಾನು ಕಾಲು ತೊಳೆದು ಬಂದು ಮಗಳನ್ನು ಎತ್ತಿಕೊಂಡು ಕೂತೆ. ಮೊರ ನೋಡುತ್ತಲೇ ಅತ್ತೆ ಹೇಳಿದರು:

“ನಿನ್ನ ಮಾವ ನಮ್ಮ ಮಕ್ಕಳನ್ನೆಲ್ಲ ಚಾವಡಿಯಲ್ಲಿ ಕೂತು ದೂರದಿಂದಲೇ ನೋಡಿದ್ದು. ಒಂದನ್ನು ಮಾತ್ರ, ಒಂದೇ ಸಲ, ಎತ್ತಿಕೊಂಡರು. ಅದು ತೀರಿಹೋಗಿತ್ತು. ಹೊರಗೆ ತೆಗೆದುಕೊಂಡು ಹೋಗಬೇಕಿತ್ತಲ್ಲ.”

ಅಂಥದ್ದೊಂದು ಮಗು ಇತ್ತೆಂದು ನಾನು ಅದುವರೆಗೆ ಕೇಳಿರಲಿಲ್ಲ. ಅತ್ತೆ ಒಂದು ಕಲ್ಲು ಆರಿಸಿ ಬಾಗಿಲಾಚೆ ಎಸೆದು, ಮತ್ತೆ ಅಕ್ಕಿಗೆ ಬಗ್ಗಿದರು.

ಮರುದಿನ ಬೆಳಿಗ್ಗೆ ಮಗಳು ಅತ್ತಳು. ತಾಯಿ ಗೋಡೆಯ ಕಡೆ ತಿರುಗಲೆಂದು ಇವರು ಹಾಸಿಗೆಯಲ್ಲೇ ಕಾಯುತ್ತಿದ್ದರು. ಅತ್ತೆ ತಿರುಗಲಿಲ್ಲ. ತಾವೇ ಎದ್ದು ಹೋಗಿ, ತೊಟ್ಟಿಲಿನಿಂದ ಮಗುವನ್ನು ತೆಗೆದು, ಮಗನ ಎದೆಯ ಮೇಲೆ ಮಲಗಿಸಿ, “ಎಂತ ನೋಡ್ತೀಯಾ? ಸ್ಟಾರ್ಟ್ ಮಾಡು” ಎಂದರು. ಆಮೇಲೆ ಅವರಿಬ್ಬರ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು, ಎಂಜಿನ್ ಬಿಸಿಯಾಗುವವರೆಗೂ ನೋಡಿದರು.